ಸ್ಪ್ರಿಂಗ್, ಶಾಕಪ್ ಮತ್ತು ಶಾರ್ಜಾದ ಎರಡು ತಿಂಗಳು

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ನಾನು ಶಾರ್ಜಾದಲ್ಲಿರುವ ಮಾಮುವಿನ ಮನೆಗೆ ಹೋಗಿದ್ದೆ. ಮಾಮು ಅಂದರೆ ನಮ್ಮ ಅಮ್ಮಿಯ ಅಣ್ಣ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜ್ ಕೆಲಸದಲ್ಲಿದ್ದಾರೆ. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಭೌತಶಾಸ್ತ್ರದ ಸರ್ "ರಜೆಯಲ್ಲಿ ಏನು ಮಾಡಿದೆ?" ಎಂದು ಕೇಳಿದರು. "ಸರ್, ಕಾರಿನ ಸಸ್ಪೆನ್ಶನ್ ಬಿಚ್ಚಿ ಜೋಡಿಸುವುದನ್ನು ನೋಡಿದೆ" ಅಂದೆ. "ಹಾಗಾದರೆ ಆಂದೋಲನಗಳ ಪಾಠ ನಿನಗೆ ಈಗ ಅರ್ಥವಾಗಿರಬೇಕು. ನ್ಯೂಸ್‌ಲೆಟರ್‌ಗೆ ಬರೆದುಕೊಡು" ಅಂದರು. ಅದಕ್ಕೇ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಸ್ಪ್ಯಾನರ್ ಎತ್ತಿಕೊಡುವುದು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಸರಿಯಾದ ಡಬ್ಬಿಗೆ ಹಾಕುವುದು, ಪಕ್ಕದ ಅಂಗಡಿಯಿಂದ ಚಹಾ ತರುವುದು, ಇಷ್ಟೇ ನನ್ನ ಕೆಲಸ. ಆದರೆ ಕೇಳಿದ ಪ್ರಶ್ನೆಗೆ ಮಾಮು ಉತ್ತರ ಕೊಡದೇ ಇರುತ್ತಿರಲಿಲ್ಲ.

ಮಾಮುವಿನ ದೊಡ್ಡ ಮಗನನ್ನು ನಾವೆಲ್ಲ ಭಾಯಿಜಾನ್ ಎನ್ನುತ್ತೇವೆ. ಅವರು ದುಬೈನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ನಾನು ಹೋಗುವ ಹೊತ್ತಿಗೆ ಹಳೆಯ ಟೊಯೊಟಾ 86 ಕಾರನ್ನು ಕೊಂಡು ಎರಡು ವಾರವಾಗಿತ್ತು. ಈ ಕಾರು 2012ರಲ್ಲಿ ಬಂದದ್ದು. ಟೊಯೊಟಾ ಮತ್ತು ಸುಬಾರು ಸೇರಿ ಮಾಡಿದ್ದು. ಎರಡು ಬಾಗಿಲು, ಎರಡು ಲೀಟರ್ ಎಂಜಿನ್, ಸುಮಾರು 200 ಅಶ್ವಶಕ್ತಿ, ತೂಕ ಸುಮಾರು 1,250 ಕಿಲೋ. ಎಂಜಿನ್ ಮುಂದಿದ್ದರೂ ಓಡುವುದು ಹಿಂದಿನ ಚಕ್ರಗಳಿಂದ. ಇಂದಿನ ಲೆಕ್ಕದಲ್ಲಿ ಇದೇನು ಭಾರೀ ವೇಗದ ಕಾರಲ್ಲ. ತಿರುವಿನಲ್ಲಿ ಓಡಿಸುವವರಿಗೆ ಖುಷಿ ಕೊಡಲಿ ಎಂದು ಮಾಡಿದ ಕಾರು. ಭಾಯಿಜಾನ್‌ಗೆ ದಿನಾ ಅದರಲ್ಲೇ ಆಫೀಸಿಗೆ ಹೋಗಬೇಕು, ವರ್ಷಕ್ಕೆ ಮೂರು ನಾಲ್ಕು ಸಲ ದುಬೈ ಆಟೋಡ್ರೋಮ್‌ನ ಟ್ರ್ಯಾಕ್ ಡೇಗೂ ಹೋಗಬೇಕು ಎಂಬ ಆಸೆ. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಹಣ ಕಟ್ಟಿ, ಹೆಲ್ಮೆಟ್ ಹಾಕಿ, ನಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ.

ಕಾರಿನ ಹಳೆಯ ಮಾಲೀಕ ಎಲ್ಲೋ ಒಂದು ಗ್ಯಾರೇಜಿನಲ್ಲಿ ಅದನ್ನು ತಗ್ಗಿಸಿದ್ದ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಹೋಗದಷ್ಟು ಕೆಳಗೆ ಕೂತಿತ್ತು. ನೋಡಲು ಚಂದ, ಸುಳ್ಳು ಹೇಳುವುದಿಲ್ಲ. ನಾನೂ ಹತ್ತು ಫೋಟೋ ತೆಗೆದುಕೊಂಡೆ.

ಮೂರನೆಯ ದಿನ ರಾತ್ರಿ ಭಾಯಿಜಾನ್ ನನ್ನನ್ನು ಸುತ್ತಾಡಿಸಲು ಕರೆದುಕೊಂಡು ಹೋದರು. ಹೆದ್ದಾರಿಯಿಂದ ಇಳಿಯುವ ಒಂದು ವೃತ್ತಾಕಾರದ ಮೇಲ್ಸೇತುವೆ. ವೇಗದ ಮಿತಿಯೊಳಗೇ ಇದ್ದೆವು. ತಿರುವಿನ ನಡುವೆ ಸೇತುವೆಯ ಎರಡು ಭಾಗ ಸೇರುವ ಕಡೆ ಒಂದು ಕಬ್ಬಿಣದ ಜಾಯಿಂಟ್ ಇರುತ್ತದಲ್ಲ, ಅದರ ಮೇಲೆ ಹಿಂದಿನ ಚಕ್ರ ಹತ್ತಿದ ಕ್ಷಣ 'ಠಕ್' ಎಂದು ಶಬ್ದ ಬಂತು. ಕಾರಿನ ಹಿಂಭಾಗ ಪಕ್ಕಕ್ಕೆ ಜಿಗಿಯಿತು. ಭಾಯಿಜಾನ್ ಸ್ಟೀರಿಂಗ್ ತಿರುಗಿಸಿ ಹಿಡಿದರು, ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿನುಗಿತು, ಕಾರು ಅರ್ಧ ಲೇನ್ ಸರಿದು ನಿಂತುಕೊಂಡಿತು. ಆ ಅರ್ಧ ಲೇನಿನಲ್ಲಿ ಆಗ ಯಾರೂ ಇರಲಿಲ್ಲ. ಒಂದೆರಡು ಸೆಕೆಂಡಿನ ನಂತರ ಒಂದು ಬಸ್ಸು ಅದೇ ಜಾಗದಲ್ಲಿ ಹೋಯಿತು. ಮನೆ ಮುಟ್ಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಮರುದಿನ ಮಾಮು ಕಾರನ್ನು ಲಿಫ್ಟಿಗೆ ಏರಿಸಿದರು. ಹಿಂದಿನ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು. (ನಮ್ಮೂರ ಮೆಕ್ಯಾನಿಕ್‌ಗಳು ಇದಕ್ಕೇ ಶಾಕಪ್ ಅನ್ನುವುದು.) ಒಳಗಿನ ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಶನ್ ಪೂರ್ತಿ ಕುಗ್ಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ತಡೆಯುವ ಮೆತ್ತನೆಯ ತುಂಡು, ನುಚ್ಚುನೂರಾಗಿತ್ತು. ಮಾಮು ಅದರ ಪುಡಿಯನ್ನು ನನ್ನ ಅಂಗೈಗೆ ಹಾಕಿದರು. "ನಿನ್ನೆ ನಿಮ್ಮಿಬ್ಬರನ್ನು ಹಿಡಿದಿದ್ದದ್ದು ಇದು" ಅಂದರು. ಭಾಯಿಜಾನ್ ತಲೆ ತಗ್ಗಿಸಿಕೊಂಡು ನಿಂತಿದ್ದರು.

ಆಗಿದ್ದು ಇಷ್ಟು. ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಕಾರು ಮೊದಲೇ ತೀರಾ ಕೆಳಗಿದ್ದುದರಿಂದ ಹೊರಗಿನ ಹಿಂದಿನ ಚಕ್ರಕ್ಕೆ ಮೇಲೆ ಹೋಗಲು ಒಂದಿಂಚೂ ಉಳಿದಿರಲಿಲ್ಲ. ಆಗಲೇ ಜಾಯಿಂಟ್ ಬಂತು. ಸ್ಪ್ರಿಂಗ್ ಕೆಲಸ ನಿಂತಿತು. ಚಕ್ರ ಮತ್ತು ಕಾರಿನ ಮೈ ಒಂದೇ ಗಟ್ಟಿ ತುಂಡಿನಂತಾಗಿ ಟೈರ್ ರಸ್ತೆ ಬಿಟ್ಟು ಎಗರಿತು. ಎಗರಿದ ಟೈರ್ ಯಾವ ಹಿಡಿತವನ್ನೂ ಕೊಡುವುದಿಲ್ಲ.

ಹಾಗಾದರೆ ಸಸ್ಪೆನ್ಶನ್ ಇರುವುದು ಯಾವುದಕ್ಕೆ? ಕೂತವರಿಗೆ ಕುಲುಕಾಟ ತಪ್ಪಿಸಲು ಎಂದು ನಾನು ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಟೈರ್ ರಸ್ತೆಗೆ ತಾಗುವ ಜಾಗ ಒಂದು ಅಂಗೈ ಅಗಲದಷ್ಟು. ಅಂಥ ನಾಲ್ಕು ಅಂಗೈಗಳ ಮೇಲೆ ಬ್ರೇಕು, ತಿರುವು, ಓಟ ಎಲ್ಲವೂ ನಿಂತಿದೆ. ಆ ನಾಲ್ಕೂ ಅಂಗೈಗಳನ್ನು ರಸ್ತೆಗೆ ಒತ್ತಿ ಹಿಡಿದಿಡುವುದು, ಅದೂ ಆದಷ್ಟು ಏರುಪೇರಿಲ್ಲದ ಬಲದಿಂದ, ಸಸ್ಪೆನ್ಶನ್ನಿನ ದೊಡ್ಡ ಕೆಲಸ. ಸ್ಪೋರ್ಟ್ಸ್ ಕಾರಿಗೂ ನಮ್ಮೂರ ಮಾರುತಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. 86ರ ಮುಂದಿನ ಚಕ್ರಗಳಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಜೋಡಣೆಯೇ ಮಾರುತಿ 800ರಲ್ಲೂ ಇತ್ತು.

ಈಗ ಸ್ಪ್ರಿಂಗಿಗೆ ಬರೋಣ. ಹುಕ್‌ನ ನಿಯಮ ನಮಗೆ ಗೊತ್ತು. ಎಷ್ಟು ಒತ್ತಿದರೆ ಅಷ್ಟು ಬಲ. ಗ್ಯಾರೇಜಿನಲ್ಲಿ ಇದನ್ನು 'ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ನ್ಯೂಟನ್ ಬೇಕು' ಎಂದು ಅಳೆಯುತ್ತಾರೆ. ಒಂದು ಚಕ್ರದ ಮೇಲೆ 280 ಕಿಲೋ ಭಾರ ಇದೆ ಎಂದಿಟ್ಟುಕೊಳ್ಳಿ. ಚಕ್ರದ ಬಳಿ ಸ್ಪ್ರಿಂಗಿನ ಬಲ ಮಿಲಿಮೀಟರಿಗೆ 25 ನ್ಯೂಟನ್ ಆದರೆ ಸುಮ್ಮನೆ ನಿಂತಾಗಲೇ ಅದು 110 ಮಿ.ಮೀ. ಕುಗ್ಗಿರುತ್ತದೆ. ಈ ಭಾರ ಮತ್ತು ಈ ಸ್ಪ್ರಿಂಗ್ ಸೇರಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂದು ನಮ್ಮ ಪಾಠದ ಸೂತ್ರದಿಂದ ತೆಗೆಯಬಹುದು: ಸ್ಪ್ರಿಂಗ್ ಸ್ಥಿರಾಂಕವನ್ನು ದ್ರವ್ಯರಾಶಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಭಾಗಿಸಿ. ಉತ್ತರ 1.5 ಹರ್ಟ್ಸ್. ಸಾಧಾರಣ ಫ್ಯಾಮಿಲಿ ಕಾರುಗಳು 1ರಿಂದ 1.5ರ ಆಸುಪಾಸಿನಲ್ಲಿರುತ್ತವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರ ನಡುವೆ. ರೇಸಿಗೇ ಮೀಸಲಾದ ಕಾರುಗಳು 2 ದಾಟುತ್ತವೆ.

ಸ್ಪ್ರಿಂಗನ್ನು ಎರಡು ಪಟ್ಟು ಗಟ್ಟಿ ಮಾಡಿದರೆ? ಆವೃತ್ತಿ ಎರಡು ಪಟ್ಟಾಗುವುದಿಲ್ಲ. ವರ್ಗಮೂಲ ಇದೆಯಲ್ಲ, 1.5 ಹೋಗಿ 2.1 ಆಗುತ್ತದೆ. ಸಂಖ್ಯೆಯಲ್ಲಿ ಚಿಕ್ಕದು. ಆದರೆ ಬೆನ್ನಿಗೆ ಅದು ಚಿಕ್ಕದಲ್ಲ ಎಂದು ಮಾಮು ಹೇಳುತ್ತಾರೆ. ಉಬ್ಬು ತಗ್ಗು ಇರುವ ರಸ್ತೆಯಲ್ಲಿ ಟೈರಿಗೂ ಅದು ಒಳ್ಳೆಯದಲ್ಲ. ಚಿಕ್ಕ ಉಬ್ಬಿನ ಮೇಲೆ ಮೆತ್ತನೆಯ ಸ್ಪ್ರಿಂಗ್ ಕುಗ್ಗಿ ಚಕ್ರವನ್ನು ಹೋಗಲು ಬಿಡುತ್ತದೆ. ತೀರಾ ಗಟ್ಟಿಯಾದದ್ದು ಇಡೀ ಕಾರನ್ನೇ ಎತ್ತುತ್ತದೆ. ರೇಸ್ ಟ್ರ್ಯಾಕ್ ನುಣುಪಾಗಿರುವುದರಿಂದ ಅಲ್ಲಿ ಗಟ್ಟಿ ಸ್ಪ್ರಿಂಗ್ ನಡೆಯುತ್ತದೆ. ಅದನ್ನೇ ಊರ ರಸ್ತೆಗೆ ತಂದರೆ ಕಾರು ಬಿಗಿಯಾಗಿದೆ ಎಂದು ಅನಿಸುತ್ತದೆ, ಹಿಡಿತ ಮಾತ್ರ ಕಡಿಮೆಯಾಗಿರುತ್ತದೆ. ಬಿಗಿ ಬೇರೆ, ಹಿಡಿತ ಬೇರೆ. ಈ ಒಂದು ಮಾತು ಭಾಯಿಜಾನ್‌ಗೂ ನನಗೂ ತಲೆಗೆ ಹೋಗಲು ಒಂದು ವಾರ ಹಿಡಿಯಿತು.

ಸ್ಪ್ರಿಂಗ್ ಕತ್ತರಿಸುವವರ ಬಗ್ಗೆ ಇಲ್ಲೇ ಒಂದು ಮಾತು. ನಮ್ಮೂರಿನಲ್ಲೂ ಇದನ್ನು ನೋಡಿದ್ದೇನೆ. ಹಣ ಖರ್ಚಿಲ್ಲದೆ ಕಾರು ತಗ್ಗಿಸಲು ಗ್ರೈಂಡರ್ ಹಿಡಿದು ಒಂದೂವರೆ ಸುತ್ತು ಕತ್ತರಿಸಿ ಹಾಕುತ್ತಾರೆ. ಸುರುಳಿ ಸ್ಪ್ರಿಂಗಿನ ಗಟ್ಟಿತನ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದೂವರೆ ತೆಗೆದರೆ ಸ್ಪ್ರಿಂಗ್ ಮೂರನೇ ಒಂದು ಭಾಗದಷ್ಟು ಗಟ್ಟಿಯಾಗುತ್ತದೆ. ಇರುವ ಜಾಗ ಮಾತ್ರ ಅದಕ್ಕಿಂತ ಬೇಗ ಮುಗಿಯುತ್ತದೆ. ಇನ್ನೂ ಭಯದ ಸಂಗತಿ ಎಂದರೆ, ಚಕ್ರ ಪೂರ್ತಿ ಕೆಳಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಸಡಿಲವಾಗಿ ಅಲುಗಾಡಬಹುದು, ಓರೆಯಾಗಿ ಕೂರಬಹುದು. ಕಾನೂನಿನ ಮಾತು ಬೇರೆಯೇ ಇದೆ. ನಮ್ಮ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮೂಲ ವಿವರಗಳು ಬದಲಾಗುವಂತೆ ಮಾರ್ಪಾಡು ಮಾಡುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಶಾರ್ಜಾ, ದುಬೈಗಳಲ್ಲೂ ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಹಳೆಯ ಕಾರುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಇದೆ, ಅಲ್ಲಿನ ನಮ್ಮವರು ಅದಕ್ಕೆ 'ಪಾಸಿಂಗ್' ಅನ್ನುತ್ತಾರೆ. ಪಾಸಿಂಗ್ ಆಗದೆ ಮುಲ್ಕಿಯಾ, ಅಂದರೆ ಕಾರಿನ ನೋಂದಣಿ ಕಾರ್ಡು, ನವೀಕರಣವಾಗುವುದಿಲ್ಲ. ಮಾಮು ಯಾವ ಕೆಲಸ ಹಿಡಿದರೂ ಮೊದಲು ಕೇಳುವ ಪ್ರಶ್ನೆ "ಪಾಸಿಂಗ್ ಆಗುತ್ತಾ?" ಎಂಬುದೇ.

ಸ್ಪ್ರಿಂಗ್ ಒಂದೇ ಇದ್ದರೆ ಕಾರು ಒಂದು ಉಬ್ಬು ದಾಟಿದ ಮೇಲೆ ತೂಗುಯ್ಯಾಲೆಯಂತೆ ಆಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಶಾಕ್. ಹೆಸರು ನೋಡಿದರೆ ಹೊಡೆತವನ್ನು ಹೀರುವುದು ಇದೇ ಎನಿಸುತ್ತದೆ. ನಿಜವಾಗಿ ಹೊಡೆತ ತೆಗೆದುಕೊಳ್ಳುವುದು ಸ್ಪ್ರಿಂಗ್. ಶಾಕ್ ಒಳಗೆ ಎಣ್ಣೆ ಇದೆ, ಸಣ್ಣ ತೂತುಗಳಿರುವ ಪಿಸ್ಟನ್ ಇದೆ. ಎಣ್ಣೆ ಆ ತೂತುಗಳಲ್ಲಿ ನುಗ್ಗುವಾಗ ತಡೆ ಹುಟ್ಟುತ್ತದೆ, ಆಂದೋಲನದ ಶಕ್ತಿ ಶಾಖವಾಗಿ ಹೋಗುತ್ತದೆ. ಸ್ಪ್ರಿಂಗಿನ ಬಲ ಎಷ್ಟು ಕುಗ್ಗಿದೆ ಎಂಬುದರ ಮೇಲೆ ನಿಂತರೆ ಶಾಕಿನ ಬಲ ಎಷ್ಟು ಬೇಗ ಕುಗ್ಗುತ್ತಿದೆ ಎಂಬುದರ ಮೇಲೆ ನಿಂತಿದೆ. ಕೈಪಂಪಿನಲ್ಲಿ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದವರಿಗೆ ಇದು ಗೊತ್ತು. ಮೆಲ್ಲಗೆ ಒತ್ತಿದರೆ ಹಗುರ, ಜೋರಾಗಿ ಒತ್ತಿದರೆ ಭಾರ.

ಪಾಠದಲ್ಲಿ ಓದಿದ ಡ್ಯಾಂಪಿಂಗ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒತ್ತಿ ಬಿಟ್ಟ ಕಾರು ಒಂದು ಸಲವೂ ಆಚೆ ಈಚೆ ಆಡದೆ, ಆದಷ್ಟು ಬೇಗ ತನ್ನ ಜಾಗಕ್ಕೆ ಬಂದು ನಿಲ್ಲುವಷ್ಟು ತಡೆಯನ್ನು 1 ಎಂದು ಇಟ್ಟುಕೊಂಡರೆ, ರಸ್ತೆಯ ಕಾರುಗಳಲ್ಲಿ ಸುಮಾರು 0.3ರಷ್ಟು ಇರುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಅದಕ್ಕಿಂತ ಹೆಚ್ಚು. ಈ 1 ಎಂಬ ಮಟ್ಟಕ್ಕೆ ಬೇಕಾದ ತಡೆ ಸ್ಪ್ರಿಂಗಿನ ಗಟ್ಟಿತನದ ವರ್ಗಮೂಲದ ಜೊತೆ ಏರುತ್ತದೆ. ಅಂದರೆ 0.35ಕ್ಕೆ ಹೊಂದಿಸಿದ್ದ ಕಂಪನಿಯ ಶಾಕನ್ನು ಹಾಗೇ ಬಿಟ್ಟು, ಸ್ಪ್ರಿಂಗ್ ಮಾತ್ರ ಎರಡು ಪಟ್ಟು ಗಟ್ಟಿ ಹಾಕಿದರೆ ಅದು 0.25ಕ್ಕೆ ಇಳಿಯುತ್ತದೆ. ಕಾರು ಗಟ್ಟಿಯಾಯಿತು ಎಂದು ನಾವು ಹಿಗ್ಗುತ್ತೇವೆ. ಲೆಕ್ಕದಲ್ಲಿ ಅದು ಮೊದಲಿಗಿಂತ ಹೆಚ್ಚು ಕುಣಿಯುವ ಕಾರಾಗಿದೆ. ಭಾಯಿಜಾನ್ ಕಾರಿನಲ್ಲಿ ಹಳೆಯ ಮಾಲೀಕ ಮಾಡಿದ್ದು ಇದನ್ನೇ. ಅದರ ಮೇಲೆ ಆ ಶಾಕಿನ ಎಣ್ಣೆಯೂ ಸೋರಿ ಹೋಗಿತ್ತು.

ಮಾಮು ನನ್ನ ನೋಟ್‌ಬುಕ್ಕಿನಲ್ಲಿ ಈ ಲೆಕ್ಕ ನೋಡಿ ಖುಷಿಪಟ್ಟರು. ಅವರು ಎಸ್ಸೆಸ್ಸೆಲ್ಸಿ ಓದಿದವರು. "ಬೇಟಾ, ನೀನು ಪೆನ್ನಿನಲ್ಲಿ ಬರೆದದ್ದನ್ನೇ ನಾನು ಬಾನೆಟ್ ಒತ್ತಿ ನೋಡುತ್ತೇನೆ" ಅಂದರು. ಕಾರಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಟ್ಟರೆ ಒಳ್ಳೆಯ ಶಾಕ್ ಇರುವ ಕಾರು ಮೇಲೆ ಬಂದು ನಿಂತುಬಿಡುತ್ತದೆ. ಭಾಯಿಜಾನ್ ಕಾರಿನ ಹಿಂಭಾಗ ಎರಡೂವರೆ ಸಲ ಆಡಿತು. ನಾನೇ ಎಣಿಸಿದೆ.

ಇನ್ನು ತಗ್ಗಿಸುವ ವಿಷಯ. ಕಾರು ಕೆಳಗಿದ್ದಷ್ಟೂ ತಿರುವಿನಲ್ಲಿ ಒಳ್ಳೆಯದು ಎಂಬ ಮಾತಿನಲ್ಲಿ ಸತ್ಯ ಇದೆ. ಎಷ್ಟು ಸತ್ಯ ಎಂದು ಲೆಕ್ಕ ಹಾಕಿ ನೋಡಿದೆ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ವರ್ಗವಾಗುವ ಭಾರ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಕಾರಿನ ತೂಕ, ತಿರುವಿನ ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ. 86ರ ಗುರುತ್ವ ಕೇಂದ್ರ ಸುಮಾರು 46 ಸೆಂ.ಮೀ. ಎತ್ತರದಲ್ಲಿದೆ, ಅದು ಆ ಕಾರಿನ ಹೆಗ್ಗಳಿಕೆ. ಚಕ್ರಗಳ ಅಂತರ ಸುಮಾರು 153 ಸೆಂ.ಮೀ. ಓಡಿಸುವವರೂ ಸೇರಿ 1,300 ಕಿಲೋ, ತಿರುವು 0.9 ಜಿ ಎಂದಿಟ್ಟುಕೊಂಡರೆ ವರ್ಗವಾಗುವ ಭಾರ 350 ಕಿಲೋ. ಈಗ ಕಾರನ್ನು 25 ಮಿ.ಮೀ. ತಗ್ಗಿಸಿ. 350 ಹೋಗಿ ಸುಮಾರು 333 ಆಗುತ್ತದೆ. ಲಾಭ ಶೇಕಡಾ ಐದು.

ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ, ಗಮನಿಸಿದಿರಾ? ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ಒಟ್ಟು ಭಾರ ವರ್ಗವಾಗುವುದು ಹೆಚ್ಚುಕಡಿಮೆ ಅಷ್ಟೇ. ನನಗೆ ಇದನ್ನು ನಂಬಲು ಕಷ್ಟವಾಯಿತು. ಎರಡು ಸಲ ಬರೆದು ನೋಡಿದೆ.

ಹೆಚ್ಚು ತಗ್ಗಿಸಿದರೆ ಆ ಶೇಕಡಾ ಐದೂ ಕೈಬಿಟ್ಟು ಹೋಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಚಕ್ರವನ್ನು ಕೆಳಗೆ ಒಂದು ತೋಳು ಹಿಡಿದಿರುತ್ತದೆ. ಅದು ನೆಲಕ್ಕೆ ಸಮವಾಗಿ ಅಥವಾ ಚಕ್ರದ ಕಡೆ ಸ್ವಲ್ಪ ಇಳಿಜಾರಾಗಿ ಇರಬೇಕು. ಕಾರು ತೀರಾ ಕೆಳಗೆ ಕೂತರೆ ತೋಳು ಮೇಲ್ಮುಖವಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಇಳಿದುಬಿಡುತ್ತದೆ. ಎರಡರ ನಡುವಿನ ಅಂತರ ಬೆಳೆದು ಕಾರನ್ನು ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ವಾಲುವುದು ಕಡಿಮೆಯಾಗಲಿ ಎಂದು ತಗ್ಗಿಸಿದ ಕಾರು ಹೆಚ್ಚು ವಾಲಲು ನೋಡುತ್ತದೆ. ಮಾಮು ಈ ಕಾರಿಗೆ 20 ಮಿ.ಮೀ. ಸಾಕು ಅಂದದ್ದು ಇದಕ್ಕೇ.

ಭಾರ ವರ್ಗವಾದರೆ ಆಗುವ ನಷ್ಟವಾದರೂ ಏನು? ಒಳಗಿನ ಟೈರ್ ಕಳೆದುಕೊಂಡದ್ದನ್ನು ಹೊರಗಿನ ಟೈರ್ ಪಡೆಯಿತಲ್ಲ, ಒಟ್ಟು ಸಮ ಅಲ್ಲವೇ? ನಮ್ಮ ಪುಸ್ತಕದ ಘರ್ಷಣೆಯ ನಿಯಮದ ಪ್ರಕಾರ ಸಮವೇ. ಗುಣಾಂಕ ಸ್ಥಿರ, ಭಾರ ದುಪ್ಪಟ್ಟಾದರೆ ಘರ್ಷಣೆಯೂ ದುಪ್ಪಟ್ಟು. ರಬ್ಬರ್ ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಹೊರಗಿನ ಟೈರ್ ಗಳಿಸಿದ್ದು ಒಳಗಿನದು ಕಳೆದುಕೊಂಡದ್ದಕ್ಕಿಂತ ಯಾವಾಗಲೂ ಕಡಿಮೆ. ಮುಂದಿನ ಜೋಡಿಯಲ್ಲಿ ಈ ನಷ್ಟ ಹೆಚ್ಚಾದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ. ಹಿಂದಿನ ಜೋಡಿಯಲ್ಲಿ ಹೆಚ್ಚಾದರೆ ಬಾಲ ಹೊರಗೆ ಬರುತ್ತದೆ. ಎಡ ಬಲ ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರ್ ಎಂಬ ಸರಳನ್ನು ದಪ್ಪ ಅಥವಾ ತೆಳು ಮಾಡಿ ಈ ನಷ್ಟವನ್ನು ಮುಂದೆ ಹಿಂದೆ ಹಂಚುತ್ತಾರೆ. ಹಿಂದಿನ ಚಕ್ರಗಳಿಂದ ಓಡುವ ಕಾರಿಗೆ ಹಿಂದೆ ದಪ್ಪ ಬಾರ್ ಹಾಕಿ ಮಳೆಯಲ್ಲಿ ಓಡಿಸುವವರ ಧೈರ್ಯಕ್ಕೆ ಮಾಮು ಕೈಮುಗಿಯುತ್ತಾರೆ. ನಮ್ಮ ಕಾರಿನಲ್ಲಿ ಕಂಪನಿಯ ಬಾರುಗಳನ್ನು ಮುಟ್ಟಲೇ ಇಲ್ಲ.

ಭಾಯಿಜಾನ್ ಈ ಕಾರಿಗೆಂದು ಒಂಬತ್ತು ಸಾವಿರ ದಿರ್ಹಮ್ ಕೂಡಿಟ್ಟಿದ್ದರು. ಅವರಿಗೆ ಬೇಕಿದ್ದದ್ದು ಕಾಯಿಲ್‌ಓವರ್. ಶಾಕಿನ ಮೈಮೇಲೆ ಮರೆ ಇರುತ್ತದೆ, ಸ್ಪ್ರಿಂಗಿನ ಬಟ್ಟಲನ್ನು ತಿರುಗಿಸಿ ಕಾರನ್ನು ಏರಿಸಬಹುದು, ಇಳಿಸಬಹುದು. ತುದಿಯಲ್ಲಿ ಒಂದು ಗುಂಡಿ, ಟಿಕ್ ಟಿಕ್ ಎಂದು 32 ಹಂತಗಳಲ್ಲಿ ಶಾಕನ್ನು ಬಿಗಿ ಮಾಡಬಹುದು. ಫೋನಿನಲ್ಲಿ ಚಿತ್ರ ತೋರಿಸಿ "ಅಬ್ಬಾ, 32 ಹಂತ!" ಅಂದರು. ಮಾಮು ಕನ್ನಡಕ ಏರಿಸಿ ನೋಡಿ, "ನಿನಗೆ ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಗೊತ್ತಾಗುತ್ತದಾ?" ಎಂದು ಕೇಳಿದರು. ಒಳ್ಳೆಯ ಕಾಯಿಲ್‌ಓವರ್ ಕೆಟ್ಟದ್ದಲ್ಲ. ಬಿಲ್‌ಸ್ಟೈನ್, ಓಹ್ಲಿನ್ಸ್‌ನಂಥ ಹೆಸರಾಂತ ಕಂಪನಿಗಳೂ ಮಾಡುತ್ತವೆ. ಆದರೆ ಅಗ್ಗದ ಸೆಟ್‌ಗಳಲ್ಲಿ ಗುಂಡಿ ಮಾತ್ರ ಇರುತ್ತದೆ, ಒಳಗಿನ ಕವಾಟಗಳು ಸ್ಪ್ರಿಂಗಿಗೆ ಹೊಂದಿರುವುದಿಲ್ಲ. ಒಳ್ಳೆಯದಕ್ಕೆ ಭಾಯಿಜಾನ್ ಬಳಿ ಇದ್ದ ಹಣವೆಲ್ಲ ಹೋಗುತ್ತಿತ್ತು. ಟೈರಿಗೆ ಏನೂ ಉಳಿಯುತ್ತಿರಲಿಲ್ಲ.

ಆಗಿನ ಟೈರುಗಳ ಸ್ಥಿತಿ ಹೇಳಬೇಕಾದ್ದೇ ಇಲ್ಲ. ನಾಲ್ಕರಲ್ಲಿ ಎರಡು ಬೇರೆ ಬೇರೆ ಕಂಪನಿಯವು. ಮಾಮು ಹಳೆಯ ಬಿಲ್ಲಿನ ಹಿಂದೆ ಪಟ್ಟಿ ಬರೆದರು. ಮೊದಲು 215/45 ಆರ್ 17 ಅಳತೆಯ ಒಳ್ಳೆಯ ನಾಲ್ಕು ಟೈರು. ಆಮೇಲೆ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್. (ಹೊಸ ಡಾಟ್ 4 ಆಯಿಲ್ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎಂಬ ನಿಯಮ ಇದೆ. ಅದೇ ಆಯಿಲ್ ನೀರು ಹೀರಿದ ಮೇಲೆ 155ಕ್ಕೆ ಕುದಿಯಬಹುದು. ಟ್ರ್ಯಾಕಿನಲ್ಲಿ ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಆಮೇಲೆ ಸಸ್ಪೆನ್ಶನ್ ಎಷ್ಟು ಒಳ್ಳೆಯದಿದ್ದರೂ ಏನು?) ನಂತರ ಹರಿದ ಬುಷ್‌ಗಳು. ಕೊನೆಗೆ ಒಂದಕ್ಕೊಂದು ಹೊಂದುವಂತೆ ಒಂದೇ ತಯಾರಕರು ಮಾಡಿದ ಶಾಕ್ ಮತ್ತು ಸ್ಪ್ರಿಂಗ್: ಕಂಪನಿಯದಕ್ಕಿಂತ ಸುಮಾರು ಕಾಲು ಭಾಗ ಗಟ್ಟಿ, 20 ಮಿ.ಮೀ. ಮಾತ್ರ ಕೆಳಗೆ, ಜೊತೆಗೆ ಹೊಸ ಬಂಪ್ ಸ್ಟಾಪ್. ಬುಷ್‌ಗಳಿಗೆ ಭಾಯಿಜಾನ್ ಪಾಲಿಯುರೆಥೇನ್ ಹಾಕೋಣ ಅಂದರು. ಮಾಮು ರಬ್ಬರನ್ನೇ ಹಾಕಿದರು. ಪಾಲಿಯುರೆಥೇನ್ ಚಕ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ರಸ್ತೆಯ ಸದ್ದನ್ನೆಲ್ಲ ಕಾರಿನೊಳಗೆ ತರುತ್ತದೆ. ಸರಿಯಾಗಿ ಗ್ರೀಸ್ ಕಾಣದಿದ್ದರೆ ಕಿರುಗುಟ್ಟುತ್ತದೆ. ಭಾಯಿಜಾನ್ ಮುಖ ಸಪ್ಪೆಯಾಗಿತ್ತು. ಆದರೆ ಆ ಬಂಪ್ ಸ್ಟಾಪಿನ ಪುಡಿ ಇನ್ನೂ ಮೇಜಿನ ಮೇಲೆ ಇತ್ತು. ಅವರು ಜಗಳ ಆಡಲಿಲ್ಲ.

ಜೋಡಿಸಲು ಎರಡು ದಿನ ಹಿಡಿಯಿತು. ಮಧ್ಯಾಹ್ನ ಗ್ಯಾರೇಜ್ ಮುಚ್ಚಿ, ಅಸರ್ ನಮಾಝಿನ ನಂತರ ತೆರೆದರೆ ರಾತ್ರಿ ಹತ್ತರವರೆಗೆ ಕೆಲಸ. ನಾನು ಕಲಿತ ಒಂದು ವಿಷಯ ಇಲ್ಲಿ ಬರೆಯಲೇಬೇಕು. ತೋಳುಗಳ ಬುಷ್ ಬೋಲ್ಟುಗಳನ್ನು ಕಾರು ಲಿಫ್ಟಿನ ಮೇಲೆ ತೂಗಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹಳೆಯ ಬುಷ್‌ಗಳು ಹರಿದದ್ದು ಬಹುಶಃ ಹೀಗೇ. ಇನ್ನೊಂದು, ಸ್ಟ್ರಟ್‌ನ ಸ್ಪ್ರಿಂಗನ್ನು ಬಿಚ್ಚುವಾಗ ಅದನ್ನು ಕಂಪ್ರೆಸರಿನಿಂದ ಕುಗ್ಗಿಸಿ ಹಿಡಿದಿರುತ್ತಾರೆ. ಆ ಹೊತ್ತಿಗೆ ಮಾಮು ನನ್ನನ್ನು ಗ್ಯಾರೇಜಿನಿಂದ ಹೊರಗೆ ಕಳಿಸುತ್ತಿದ್ದರು. ಕುಗ್ಗಿದ ಸ್ಪ್ರಿಂಗ್ ಜಾರಿದರೆ ಕೈ ಉಳಿಯುವುದಿಲ್ಲ. ಮನೆಯಂಗಳದಲ್ಲಿ ಇದನ್ನು ಯಾರೂ ಪ್ರಯತ್ನಿಸಬೇಡಿ.

ಆಮೇಲೆ ಅಲೈನ್‌ಮೆಂಟ್. ಚಕ್ರದ ತಲೆ ಕಾರಿನ ಒಳಗೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಹೊರಗಿನ ಟೈರ್ ನೆಟ್ಟಗಾಗಿ ಪೂರ್ತಿ ಅಗಲ ರಸ್ತೆಗೆ ತಾಗಲಿ ಎಂದು ಇದನ್ನು ಇಡುತ್ತಾರೆ. ಟ್ರ್ಯಾಕಿಗಾದರೆ ಎರಡರಿಂದ ಮೂರು ಡಿಗ್ರಿ ಕೇಳುತ್ತಾರೆ. ನಮ್ಮ ಕಾರಿಗೆ ಮಾಮು ಕ್ಯಾಂಬರ್ ಬೋಲ್ಟ್ ಹಾಕಿ ಮುಂದೆ ಒಂದೂವರೆ ಡಿಗ್ರಿಗೆ ನಿಲ್ಲಿಸಿದರು. ಚಕ್ರಗಳು ಮೇಲಿನಿಂದ ನೋಡಿದಾಗ ಒಳಗೆ ಅಥವಾ ಹೊರಗೆ ತಿರುಗಿರುವುದು ಟೋ. ಮುಂದೆ ಸೊನ್ನೆ, ಹಿಂದೆ ಸ್ವಲ್ಪ ಒಳಗೆ. ಟೈರ್ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ಬಯ್ಯುತ್ತಾರೆ. ಹೆಚ್ಚಿನ ಸಲ ತಪ್ಪು ಟೋದ್ದು, ಅದು ಟೈರನ್ನು ಪ್ರತಿ ಮೀಟರಿಗೂ ಪಕ್ಕಕ್ಕೆ ಉಜ್ಜುತ್ತಾ ಹೋಗುತ್ತದೆ.

ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಸಂಜೆ ಆಟೋಡ್ರೋಮ್‌ಗೆ ಹೋದೆವು. 2004ರಲ್ಲಿ ತೆರೆದ ಟ್ರ್ಯಾಕ್ ಅದು, ಪೂರ್ತಿ ಸುತ್ತು 5.39 ಕಿ.ಮೀ. ನಾನು ಓಡಿಸಲಿಲ್ಲ, ಕಾರಿನಲ್ಲಿ ಕೂರಲೂ ಇಲ್ಲ. ಟೈರಿನ ಗಾಳಿ ನೋಡುವ ಕೆಲಸ ನನ್ನದು. ತಣ್ಣಗಿದ್ದಾಗ 30 ಪಿಎಸ್‌ಐ ಇತ್ತು. ಆರು ಸುತ್ತು ಮುಗಿಸಿ ಬಂದಾಗ 37 ದಾಟಿತ್ತು. ಇದಕ್ಕೂ ಪಾಠದಲ್ಲಿ ಉತ್ತರ ಇದೆ. ಗಾತ್ರ ಸ್ಥಿರವಿದ್ದರೆ ಅನಿಲದ ಒತ್ತಡ ಉಷ್ಣತೆಯ ಜೊತೆ ಏರುತ್ತದೆ. ವಾತಾವರಣದ 14.7 ಸೇರಿಸಿ, 30 ಡಿಗ್ರಿಯಿಂದ 80 ಡಿಗ್ರಿಗೆ ಏರಿತು ಎಂದು ಕೆಲ್ವಿನ್‌ನಲ್ಲಿ ಲೆಕ್ಕ ಹಾಕಿದರೆ 37.4 ಬರುತ್ತದೆ. ಮಾಮು ಹೇಳಿದಂತೆ ಬಿಸಿಯಿರುವಾಗಲೇ 34ಕ್ಕೆ ಇಳಿಸಿದೆ. ಮನೆಗೆ ಹೊರಡುವ ಮೊದಲು, ಟೈರ್ ತಣಿದ ಮೇಲೆ, ಮತ್ತೆ ತುಂಬಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಟೈರಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಟೈರ್ ಎಷ್ಟು ಮಗುಚಿ ಪಕ್ಕದ ಗೋಡೆಯ ಮೇಲೆ ಓಡುತ್ತಿದೆ ಎಂದು ಗೆರೆ ಅಳಿಸಿಹೋದದ್ದರಿಂದ ಗೊತ್ತಾಗುತ್ತದೆ. ಮುಂದಿನ ಟೈರುಗಳ ಹೊರ ಅಂಚು ಹೆಚ್ಚು ಉಜ್ಜಿತ್ತು. ಕ್ಯಾಂಬರ್ ಇನ್ನೂ ಒಂದು ಡಿಗ್ರಿ ಬೇಕು ಎಂದು ಅದು ಹೇಳುತ್ತಿತ್ತು. ಭಾಯಿಜಾನ್ ಮಾಮುವಿನ ಮುಖ ನೋಡಿದರು. "ಇಲ್ಲಿಗೆ ವರ್ಷಕ್ಕೆ ನಾಲ್ಕು ದಿನ. ಆಫೀಸಿಗೆ ಮುನ್ನೂರು ದಿನ" ಅಂದರು ಮಾಮು. ಅಷ್ಟಕ್ಕೇ ಬಿಟ್ಟರು.

ಅಲ್ಲಿ ನಮ್ಮದಕ್ಕಿಂತ ವೇಗದ ಕಾರುಗಳು ಎಷ್ಟೋ ಇದ್ದವು. ನಾನು ಪಿಟ್ ಗೋಡೆಯ ಹತ್ತಿರ ನಿಂತು ನಮ್ಮ ಕಾರನ್ನು ಮಾತ್ರ ನೋಡುತ್ತಿದ್ದೆ. ಟ್ರ್ಯಾಕಿನ ಅಂಚಿನ ಕೆಂಪು ಬಿಳಿ ಕಟ್ಟೆಯ ಮೇಲೆ ಹಿಂದಿನ ಚಕ್ರ ಹತ್ತಿದಾಗ ಮೊದಲ ಸಲ ನನ್ನ ಎದೆ ಹೊಡೆದುಕೊಂಡಿತು. ಚಕ್ರ ಮೇಲೆ ಹೋಯಿತು, ಕೆಳಗೆ ಬಂತು. ಕಾರಿನ ಮೈ ಅಲುಗಾಡಲೇ ಇಲ್ಲ.

ಮುಂದಿನ ಭಾನುವಾರ ಮಾಮಿಯ ಅಕ್ಕನ ಮನೆಗೆ ಊಟಕ್ಕೆ ಹೋಗುವುದಿತ್ತು. ಮಾಮು ಬೇಕೆಂದೇ ತಮ್ಮ ದೊಡ್ಡ ಗಾಡಿ ಬಿಟ್ಟು 86ರಲ್ಲಿ ಮಾಮಿಯನ್ನು ಕೂರಿಸಿದರು. ಮಡಿಲಲ್ಲಿ ಬಿರಿಯಾನಿಯ ಡಬರಿ. ಹಿಂದಿನ ಸೀಟಿನಲ್ಲಿ ನಾನು ಮಂಡಿ ಮಡಚಿಕೊಂಡು ಕೂತಿದ್ದೆ. ಮನೆಯಿಂದ ಮುಖ್ಯ ರಸ್ತೆಗೆ ಐದು ಹಂಪ್‌ಗಳು. ಹಳೆಯ ಸ್ಪ್ರಿಂಗ್ ಇದ್ದಾಗ ಒಂದೇ ಹಂಪಿಗೆ ಮಾಮಿ ಈ ಕಾರಿನಿಂದ ಇಳಿದು ನಡೆದು ಹೋಗಿದ್ದರಂತೆ. ಈಗ ಮೊದಲನೆಯದು ದಾಟಿತು, ಎರಡನೆಯದು ದಾಟಿತು. ಸ್ಟೀರಿಂಗ್ ಹಿಡಿದಿದ್ದ ಭಾಯಿಜಾನ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಐದನೆಯದೂ ದಾಟಿದ ಮೇಲೆ ಮಾಮಿ ಡಬರಿಯ ಮುಚ್ಚಳ ಸರಿಮಾಡಿ, "ರಾಯಿತಾ ತಂದಿದ್ದೀವಾ?" ಎಂದು ಕೇಳಿದರು.